ರಂಗರಾಜನ್ ಸಹಿಯ ಎಂಟು ನೋಟುಗಳು: ಮೈಸೂರಿನ ಹಳೆ ನಾಣ್ಯದಂಗಡಿಯಲ್ಲಿ ಕೊಂಡ ಒಂದು ಸೆಟ್

ಸಯ್ಯಾಜಿರಾವ್ ರಸ್ತೆಯಿಂದ ದೇವರಾಜ ಮಾರುಕಟ್ಟೆಯ ಕಡೆಗೆ ಹೊರಳುವ ಗಲ್ಲಿಯೊಂದರಲ್ಲಿ ಹಳೆಯ ನಾಣ್ಯ, ನೋಟು ಮಾರುವ ಚಿಕ್ಕ ಮಳಿಗೆಯೊಂದಿದೆ. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಒಡೆಯರ ಕಾಲದ ಕಾಸು ಕೇಳುತ್ತಾರೆ. ಮೂರು ದಶಕ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ನೋಟು ಎಣಿಸಿ ನಿವೃತ್ತನಾದ ನನ್ನ ಕಣ್ಣು ಮಾತ್ರ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿದ್ದ ಒಂದು ಪ್ಲಾಸ್ಟಿಕ್ ಫೋಲ್ಡರಿನ ಮೇಲೆ ಬಿತ್ತು. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದು ಮುಂದೆ ಆಂಧ್ರಪ್ರದೇಶದ ರಾಜ್ಯಪಾಲರಾದ ಸಿ. ರಂಗರಾಜನ್ ಅವರ ಸಹಿಯಿರುವ ಎಂಟು ನೋಟುಗಳ ಸೆಟ್ ಅದು. ಒಟ್ಟು ಮುಖಬೆಲೆ 288 ರೂಪಾಯಿ, ಅಂಗಡಿಯವರು ಹೇಳಿದ್ದು 1,100, ಚೌಕಾಸಿಯ ನಂತರ ನಾನು ಕೊಟ್ಟದ್ದು 950.

ಸಹಿಯ ಆಧಾರದಲ್ಲಿ ನೋಟುಗಳನ್ನು ಜೋಡಿಸುವುದಕ್ಕೆ ಒಂದು ಕಾರಣವಿದೆ. 2005ಕ್ಕೆ ಮೊದಲು ರಿಸರ್ವ್ ಬ್ಯಾಂಕಿನ ನೋಟುಗಳ ಮೇಲೆ ಮುದ್ರಣವಾದ ವರ್ಷವನ್ನು ಹಾಕುತ್ತಿರಲಿಲ್ಲ. ಆದ್ದರಿಂದ ಅದಕ್ಕೂ ಹಿಂದಿನ ನೋಟು ಯಾವ ಕಾಲದ್ದೆಂದು ತಿಳಿಯಬೇಕಾದರೆ ಮೊದಲು ನೋಡಬೇಕಾದದ್ದು ಗವರ್ನರ್ ಸಹಿಯನ್ನೇ. ರಂಗರಾಜನ್ ಸಹಿ ಇದ್ದರೆ ಅದು 1992ರ ಡಿಸೆಂಬರಿನಿಂದ 1997ರ ನವೆಂಬರಿನವರೆಗಿನ ಅವರ ಅಧಿಕಾರಾವಧಿಗೆ ಸೇರಿದ್ದು. ಈ ಐದು ವರ್ಷಗಳಲ್ಲೇ ನೋಟಿನ ಮುಖವೂ ಬದಲಾಯಿತು. ಅಶೋಕ ಸ್ತಂಭದ ಚಿತ್ರವಿದ್ದ, ಬೆನ್ನಿಗೆ ಹಿರಾಕುಡ್ ಅಣೆಕಟ್ಟಿದ್ದ ಹಳೆಯ ನೂರರ ನೋಟಿನ ಜಾಗಕ್ಕೆ 1996ರ ಜೂನಿನಲ್ಲಿ ಗಾಂಧಿ ಚಿತ್ರದ ಹೊಸ ಸರಣಿಯ ನೂರು ಬಂತು. ಸೆಟ್ಟಿನಲ್ಲಿ ಎರಡೂ ನೂರುಗಳನ್ನು ಅಕ್ಕಪಕ್ಕ ಇಟ್ಟಿದ್ದಾರೆ. ಆರಿಸಿದವರಿಗೆ ವಿಷಯ ಗೊತ್ತಿದೆ ಎನ್ನುವುದಕ್ಕೆ ಅಷ್ಟೇ ಸಾಕು. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ಮುದ್ರಣಾಲಯ ನಮ್ಮ ಮೈಸೂರಿನಲ್ಲಿ ನೋಟು ಅಚ್ಚು ಹಾಕಲು ಆರಂಭಿಸಿದ್ದೂ ಅದೇ 1996ರಲ್ಲಿ. ಈ ಸಂಗತಿಯನ್ನು ಫೋಲ್ಡರಿನಲ್ಲಿ ಒಂದು ಸಾಲಿನಲ್ಲಾದರೂ ಬರೆದಿದ್ದರೆ ಊರಿನ ಗಿರಾಕಿಗಳು ಇನ್ನಷ್ಟು ಪ್ರೀತಿಯಿಂದ ಕೊಳ್ಳುತ್ತಿದ್ದರು.

ಇಪ್ಪತ್ತರ ನೋಟಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದರ ಬೆನ್ನಿಗೆ ಕೋನಾರ್ಕದ ರಥಚಕ್ರವಿದೆ. ಹಿರಾಕುಡ್ಡೂ ಒಡಿಶಾದ್ದೇ, ಕೋನಾರ್ಕವೂ ಒಡಿಶಾದ್ದೇ. ಇವೆರಡಕ್ಕೂ ಸಹಿ ಹಾಕಿದ್ದ ಮನುಷ್ಯ 1998ರಲ್ಲಿ ಅದೇ ರಾಜ್ಯದ ರಾಜ್ಯಪಾಲರ ಹೆಚ್ಚುವರಿ ಹೊಣೆಯನ್ನೂ ಹೊತ್ತರು. ಕಾಕತಾಳೀಯವೇ ಇರಬಹುದು, ಆದರೆ ಸಂಗ್ರಾಹಕರು ಬದುಕುವುದೇ ಇಂಥ ಕಾಕತಾಳೀಯಗಳ ಮೇಲೆ.

ಇನ್ನು ದೋಷಗಳ ವಿಷಯ. ಮೊದಲನೆಯದು, ಸೆಟ್ಟಿನಲ್ಲಿ ಒಂದು ರೂಪಾಯಿಯ ನೋಟನ್ನೂ ಸೇರಿಸಿದ್ದಾರೆ. ಒಂದು ರೂಪಾಯಿ ನೋಟು ಭಾರತ ಸರ್ಕಾರದ್ದು, ಅದರ ಮೇಲಿರುವುದು ಹಣಕಾಸು ಕಾರ್ಯದರ್ಶಿಯ ಸಹಿ. ಹಾಗಾಗಿ ರಂಗರಾಜನ್ ಸಹಿಯ ಸೆಟ್ಟಿನಲ್ಲಿ ಅದಕ್ಕೆ ಸ್ಥಾನವಿಲ್ಲ, ಎಂಟು ಎಂಬುದು ನಿಜವಾಗಿ ಏಳು. ಎರಡನೆಯದು, ಐವತ್ತರ ನೋಟಿನ ಎಡಬದಿಯಲ್ಲಿ ಸ್ಟೇಪಲ್ ಪಿನ್ನಿನ ನಾಲ್ಕು ತೂತುಗಳಿವೆ. ಇದಕ್ಕೆ ಅಂಗಡಿಯವರನ್ನು ದೂರುವಂತಿಲ್ಲ, ಏಕೆಂದರೆ ಆ ಕಾಲದಲ್ಲಿ ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದವರು ನಾವೇ. ರಿಸರ್ವ್ ಬ್ಯಾಂಕು ಅದನ್ನು ನಿಲ್ಲಿಸಿ ಕಾಗದದ ಪಟ್ಟಿ ಸುತ್ತಲು ಹೇಳಿದ್ದು 2001ರಲ್ಲಿ. ಆದರೆ ತೂತಿರುವ ನೋಟನ್ನು ‘ಹೊಸದರಂತಿದೆ’ ಎಂದು ಹೇಳಿ ಮಾರಬಾರದಿತ್ತು.

ನನಗೆ ನಿಜವಾಗಿ ಬೇಸರ ತರಿಸಿದ್ದು ಫೋಲ್ಡರಿನೊಳಗಿನ ಪರಿಚಯದ ಚೀಟಿ. ಅದರಲ್ಲಿ ರಂಗರಾಜನ್ ಅವರನ್ನು ‘ರಿಸರ್ವ್ ಬ್ಯಾಂಕಿನ ರಾಜ್ಯಪಾಲ’ ಎಂದು ಅಚ್ಚು ಹಾಕಿದ್ದಾರೆ! ಇಂಗ್ಲಿಷಿನಲ್ಲಿ ಎರಡು ಹುದ್ದೆಗೂ ಒಂದೇ ಹೆಸರಿದೆ. ಕನ್ನಡಿಗರು ಬ್ಯಾಂಕಿನವರನ್ನು ಗವರ್ನರ್ ಎಂದೂ ರಾಜಭವನದವರನ್ನು ರಾಜ್ಯಪಾಲರೆಂದೂ ಬೇರೆ ಬೇರೆಯಾಗಿಯೇ ಕರೆಯುತ್ತಾ ಬಂದಿದ್ದಾರೆ. ಹುದ್ದೆಯಿಂದ ಹುದ್ದೆಗೆ ನಡೆದ ಒಬ್ಬರ ಬದುಕನ್ನು ಹೇಳಬೇಕಾದ ಚೀಟಿಯಲ್ಲಿ ಆ ಎರಡು ಪದಗಳೇ ಕಲಸಿಹೋದರೆ ಉಳಿಯುವುದೇನು?

ಹೇಳಬೇಕಾದದ್ದು ಬೇಕಾದಷ್ಟಿತ್ತು. 1932ರಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಹುಟ್ಟಿದ ರಂಗರಾಜನ್ ಕೌಂಟರಿನಿಂದ ಮೇಲೆ ಬಂದ ಬ್ಯಾಂಕರ್ ಅಲ್ಲ, ಮೇಷ್ಟರು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅಹಮದಾಬಾದಿನ ಐಐಎಂನಲ್ಲಿ ವರ್ಷಗಟ್ಟಲೆ ಪಾಠ ಹೇಳಿ, 1982ರಲ್ಲಿ ರಿಸರ್ವ್ ಬ್ಯಾಂಕಿಗೆ ಡೆಪ್ಯುಟಿ ಗವರ್ನರ್ ಆಗಿ ಬಂದವರು. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ 1980ರ ದಶಕದಲ್ಲಿ ವರದಿ ಕೊಟ್ಟ ಸಮಿತಿಗಳಿಗೆ ಅವರೇ ಅಧ್ಯಕ್ಷರು. ಆಗ ಲೆಡ್ಜರ್ ಹೊತ್ತು ತಿರುಗುತ್ತಿದ್ದ ನಮ್ಮಲ್ಲಿ ಆ ಹೆಸರು ಕೇಳಿದರೆ ಕೆಲವರಿಗೆ ಕೆಲಸ ಹೋಗುವ ದಿಗಿಲು, ಕೆಲವರಿಗೆ ಬ್ಯಾಲೆನ್ಸ್ ಬೇಗ ತಾಳೆಯಾದೀತೆಂಬ ಆಸೆ. ನಾನು ಎರಡನೆಯ ಗುಂಪಿನವನು.

ನೋಟಿನ ಸೆಟ್ಟಿಗೆ ಅತ್ಯಂತ ಹತ್ತಿರದ ಸಂಗತಿಯಂತೂ ಚೀಟಿಯಲ್ಲಿ ಸುಳಿದೇ ಇಲ್ಲ. ಕೇಂದ್ರ ಸರ್ಕಾರದ ಖಾತೆಯಲ್ಲಿ ಹಣ ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗ ಅಡ್‌ಹಾಕ್ ಟ್ರೆಷರಿ ಬಿಲ್ಲುಗಳು, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರಗಳು, ತಾವಾಗಿಯೇ ಹುಟ್ಟಿ, ರಿಸರ್ವ್ ಬ್ಯಾಂಕು ಅವುಗಳನ್ನಿಟ್ಟುಕೊಂಡು ಹಣ ಕೊಡುವ ಪದ್ಧತಿ ದಶಕಗಳಿಂದ ನಡೆದಿತ್ತು. ಸರಳವಾಗಿ ಹೇಳುವುದಾದರೆ ಕೊರತೆ ಬಿದ್ದಷ್ಟೂ ಹೊಸ ಹಣ. ಇದನ್ನು ಮೂರು ವರ್ಷಗಳಲ್ಲಿ ಕೊನೆಗೊಳಿಸುವ ಒಪ್ಪಂದಕ್ಕೆ ಸರ್ಕಾರ ಮತ್ತು ರಿಸರ್ವ್ ಬ್ಯಾಂಕು 1994ರ ಸೆಪ್ಟೆಂಬರಿನಲ್ಲಿ ಬಂದವು, 1997ರ ಏಪ್ರಿಲಿನಿಂದ ಆ ಬಿಲ್ಲುಗಳು ನಿಂತುಹೋದವು. ನೋಟಿಗೆ ಸಹಿ ಹಾಕಿದವರು ನೋಟು ಹುಟ್ಟುವ ದಾರಿಗೇ ಒಂದು ಗೇಟು ಹಾಕಿಸಿದರು ಎಂದು ಬರೆದಿದ್ದರೆ ಫೋಲ್ಡರಿನ ಬೆಲೆ ನನ್ನ ಮಟ್ಟಿಗೆ ಎರಡರಷ್ಟಾಗುತ್ತಿತ್ತು.

1997ರ ನವೆಂಬರ್ 24ರಂದು ಅವರು ಹೈದರಾಬಾದಿನ ರಾಜಭವನ ಸೇರಿ 2003ರ ಜನವರಿಯವರೆಗೆ ಅಲ್ಲಿದ್ದರು. ನಡುವೆ ತಮಿಳುನಾಡಿನ ಹೊಣೆಯೂ ಬಂದಾಗ, ಮುಖ್ಯಮಂತ್ರಿಯಾಗಿ ಜಯಲಲಿತಾ ಅವರ ನೇಮಕವನ್ನು ಸುಪ್ರೀಂ ಕೋರ್ಟ್ ಅನೂರ್ಜಿತಗೊಳಿಸಿದ 2001ರ ಸೆಪ್ಟೆಂಬರಿನಲ್ಲಿ ಒ. ಪನ್ನೀರಸೆಲ್ವಂ ಅವರಿಗೆ ಪ್ರಮಾಣವಚನ ಬೋಧಿಸಿದ್ದು ಇವರೇ. ಬಳಿಕ ಹನ್ನೆರಡನೆಯ ಹಣಕಾಸು ಆಯೋಗದ ಅಧ್ಯಕ್ಷತೆ. ಮಂಡ್ಯದ ಕಬ್ಬಿನ ಮನೆಯಲ್ಲಿ ಹುಟ್ಟಿದ ನನಗೆ ಇವೆಲ್ಲಕ್ಕಿಂತ ನೆನಪಿರುವುದು 2012ರ ಸಕ್ಕರೆ ಸಮಿತಿ: ಕಾರ್ಖಾನೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಸಕ್ಕರೆಯನ್ನು ತೆಗೆದುಹಾಕಿ, ಸಕ್ಕರೆ ಮತ್ತು ಉಪ ಉತ್ಪನ್ನಗಳ ಮೌಲ್ಯದಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಗಾರನ ಪಾಲಾಗಿಸಬೇಕೆಂದು ಹೇಳಿದ್ದೂ ಇದೇ ರಂಗರಾಜನ್. ನಮ್ಮೂರಿನಲ್ಲಿ ಆ ಹೆಸರು ನೋಟಿನ ಸಹಿಯಾಗಿ ಅಲ್ಲ, ಆಲೆಮನೆಯ ಕಟ್ಟೆಯ ಮೇಲಿನ ಚರ್ಚೆಯಾಗಿ ಪರಿಚಿತ.

ಅಂಗಡಿಯವರ ನಡವಳಿಕೆಗೆ ಪೂರ್ತಿ ಅಂಕ ಕೊಡುತ್ತೇನೆ. ನೋಟುಗಳನ್ನು ಅಂಚು ಹಿಡಿದೇ ತೆಗೆದು ತೋರಿಸುತ್ತಾರೆ, ಲ್ಯಾಮಿನೇಷನ್ ಮಾಡಿಸಿಕೊಳ್ಳಲು ಬಂದವರನ್ನು ಬೈದು ಕಳಿಸುತ್ತಾರೆ. ದೋಷಗಳನ್ನು ತೋರಿಸಿದಾಗ ಒಂದು ರೂಪಾಯಿಯ ನೋಟನ್ನು ಹಿಂದಕ್ಕೆ ಪಡೆದು 80 ರೂಪಾಯಿ ಮರಳಿಸಿದರು, ಚೀಟಿಯಲ್ಲಿನ ‘ರಾಜ್ಯಪಾಲ’ವನ್ನು ನನ್ನೆದುರೇ ಪೆನ್ನಿನಿಂದ ಹೊಡೆದುಹಾಕಿದರು. ಹೊಸ ಚೀಟಿಗೆ ಒಕ್ಕಣೆ ಬರೆದುಕೊಡಲು ನನಗೇ ಹೇಳಿದ್ದಾರೆ. ಕೂಲಿಯಾಗಿ ಪಿನ್ನಿನ ತೂತಿಲ್ಲದ ಐವತ್ತರ ನೋಟೊಂದನ್ನು ತೆಗೆದಿಡಿ ಎಂದು ಹೇಳಿ ಬಂದಿದ್ದೇನೆ.