ಕೌಂಟರ್‌ಗೆ 10 ಮೆಗಾಹರ್ಟ್ಸ್ ರೆಫರೆನ್ಸ್: ಒಸಿಎಕ್ಸ್‌ಒ, ರುಬಿಡಿಯಂ, ಜಿಪಿಎಸ್‌ಡಿಒ

ಹಳೆಯ ಫ್ರೀಕ್ವೆನ್ಸಿ ಕೌಂಟರ್‌ಗೆ (ಸಿಗ್ನಲ್‌ನ ಫ್ರೀಕ್ವೆನ್ಸಿ ಅಳೆಯುವ ಉಪಕರಣ) ರೆಫರೆನ್ಸ್ ಆಗಿ, ಅಂದರೆ ಅಳತೆಗೆ ಆಧಾರವಾಗುವ ಸ್ಥಿರ ಸಿಗ್ನಲ್ ಕೊಡಲು, ಈ ಮೂರರಲ್ಲಿ ಯಾವುದನ್ನು ಜೋಡಿಸಲಿ ಎಂದು ಕೇಳಿದ್ದೀರಿ: ಒಂದೇ ಬಿಸಿಯಲ್ಲಿಟ್ಟ ಕ್ರಿಸ್ಟಲ್‌ನ ಆಂದೋಲಕ ಒಸಿಎಕ್ಸ್‌ಒ, ರುಬಿಡಿಯಂ ಪರಮಾಣುಗಳನ್ನು ಆಧರಿಸಿದ ರುಬಿಡಿಯಂ ರೆಫರೆನ್ಸ್, ಜಿಪಿಎಸ್ ಉಪಗ್ರಹಗಳ ಸಮಯದಿಂದ ತಿದ್ದಿಕೊಳ್ಳುವ ಆಂದೋಲಕ ಜಿಪಿಎಸ್‌ಡಿಒ. ಖರ್ಚಿನಲ್ಲಿ ಒಸಿಎಕ್ಸ್‌ಒ ಹಗುರ. ಟೆಲಿಕಾಂ ಉಪಕರಣಗಳಿಂದ ಬಿಚ್ಚಿದ ಒಳ್ಳೆಯ ಮಾಲು ಸಿಗುತ್ತದೆ.

ನಿಖರತೆಯ ವಿಷಯ ಬಂದಾಗ, ಎಷ್ಟು ಹೊತ್ತಿನ ನಿಖರತೆ ಎಂದು ಮೊದಲು ಕೇಳಿಕೊಳ್ಳಿ. ಒಂದೆರಡು ಸೆಕೆಂಡಿನ ಅಳತೆಗೆ ಒಳ್ಳೆಯ ಒಸಿಎಕ್ಸ್‌ಒ ಬಹಳ ಸ್ಥಿರ, ಎಷ್ಟೋ ಸಲ ರುಬಿಡಿಯಂಗಿಂತಲೂ ಮೇಲು. ಆದರೆ ಕ್ರಿಸ್ಟಲ್‌ಗೆ ವಯಸ್ಸಾದಂತೆ ಫ್ರೀಕ್ವೆನ್ಸಿ ನಿಧಾನವಾಗಿ ಸರಿಯುತ್ತದೆ. ರುಬಿಡಿಯಂ ರೆಫರೆನ್ಸ್ ತನ್ನ ಫ್ರೀಕ್ವೆನ್ಸಿಯನ್ನು ರುಬಿಡಿಯಂ ಪರಮಾಣುಗಳ 6.834 ಗಿಗಾಹರ್ಟ್ಸ್ ಅನುರಣನಕ್ಕೆ ಕಟ್ಟಿಹಾಕಿಕೊಳ್ಳುವುದರಿಂದ ಅದು ಸರಿಯುವುದು ತೀರಾ ಕಡಿಮೆ. ಆದರೂ ಅದನ್ನೂ ಯಾವುದಕ್ಕಾದರೂ ಹೋಲಿಸಿ ಟ್ಯೂನ್ ಮಾಡಲೇಬೇಕು, ಇದನ್ನು ಹಲವರು ಮರೆಯುತ್ತಾರೆ. ಜಿಪಿಎಸ್‌ಡಿಒ ಒಳಗಿರುವುದೂ ಸಾಮಾನ್ಯವಾಗಿ ಒಸಿಎಕ್ಸ್‌ಒ. ಉಪಗ್ರಹದ ಸಮಯಕ್ಕೆ ಹೊಂದಿಸಿದ, ಸೆಕೆಂಡಿಗೊಂದು ಬರುವ ಪಲ್ಸ್ ಅದನ್ನು ತಿದ್ದುತ್ತಿರುತ್ತದೆ. ಒಂದೊಂದು ಪಲ್ಸ್ ನ್ಯಾನೋಸೆಕೆಂಡುಗಳಷ್ಟು ಅತ್ತಿತ್ತ ಆಗುವುದರಿಂದ ತಿದ್ದುಪಡಿಗೆ ನೂರಾರು ಸೆಕೆಂಡುಗಳ ಸರಾಸರಿ ಬೇಕು. ದಿನಗಟ್ಟಲೆ ಲೆಕ್ಕ ಹಾಕಿದರೆ ಇದೇ ಗಟ್ಟಿ.

ಬಾಳಿಕೆಯಲ್ಲಿ ನನಗೆ ಅಳುಕಿರುವುದು ಸೆಕೆಂಡ್‌ಹ್ಯಾಂಡ್ ರುಬಿಡಿಯಂ ಬಗ್ಗೆ: ಪರಮಾಣುಗಳ ಮೇಲೆ ಬೆಳಕು ಹಾಯಿಸುವ ಅದರ ಒಳಗಿನ ದೀಪ ಸವೆಯುತ್ತದೆ, ಬಿಸಿಯೂ ಜಾಸ್ತಿ, ದೊಡ್ಡ ಹೀಟ್‌ಸಿಂಕ್ ಬೇಕು.

ಹ್ಯಾಮ್ ರೇಡಿಯೊ ಹೊಂದಿಸಲು ಒಸಿಎಕ್ಸ್‌ಒ ಸಾಕು. 10 ಮೆಗಾಹರ್ಟ್ಸ್‌ನಲ್ಲಿ ಹತ್ತು ಕೋಟಿಗೆ ಒಂದು ಭಾಗದ ತಪ್ಪೆಂದರೆ ಬರೀ 0.1 ಹರ್ಟ್ಸ್. ತಾರಸಿಯಲ್ಲಿ ಆಂಟೆನಾ ಇಟ್ಟು ವರ್ಷವಿಡೀ ಓಡಿಸುವುದಾದರೆ ಜಿಪಿಎಸ್‌ಡಿಒ. ಆಕಾಶವೇ ಕಾಣದ ನೆಲಮಹಡಿ ಮನೆಯಾದರೆ, ಅಥವಾ ರೆಫರೆನ್ಸ್ ಹೊತ್ತು ಓಡಾಡಬೇಕಾದರೆ, ರುಬಿಡಿಯಂ. ಯಾವುದನ್ನೇ ಕೊಂಡರೂ ಪದೇಪದೇ ಸ್ವಿಚ್ ಆಫ್ ಮಾಡಬೇಡಿ. ಕ್ರಿಸ್ಟಲ್ ಮತ್ತೆ ನೆಲೆನಿಲ್ಲಲು ದಿನಗಳೇ ಬೇಕಾಗಬಹುದು, ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇರಲಿ.