ಮೋಟರ್‌ಹೋಮ್ ಕ್ಯಾಬಿನ್ ಹತ್ತೋಕೆ ಸ್ಟೂಲ್, ಫುಟ್‌ಬೋರ್ಡ್, ಹಿಡಿಕೆ: ಯಾವುದು ನಿಜವಾಗಿ ಸಹಾಯಕ್ಕೆ ಬಂತು?

ಮೋಟರ್‌ಹೋಮ್ ಕೊಳ್ಳುವಾಗ ಎಲ್ಲರೂ ಹಾಸಿಗೆ ನೋಡುತ್ತಾರೆ, ಒಲೆ ನೋಡುತ್ತಾರೆ, ಟಾಯ್ಲೆಟ್ ಬಾಗಿಲು ಸರಿಯಾಗಿ ಮುಚ್ಚುತ್ತಾ ಅಂತ ನೋಡುತ್ತಾರೆ. ಮುಂದಿನ ಸೀಟಿಗೆ ಹತ್ತುವುದು ಹೇಗೆ ಅಂತ ಕೇಳುವವರು ಕಡಿಮೆ. ಹರೆಯದವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಎಪ್ಪತ್ತು ದಾಟಿದ, ಮಂಡಿ ಸವೆದ, ಸೀರೆ ಉಡುವ, ಐದಡಿಗೂ ಕಡಿಮೆ ಎತ್ತರದ ಹೆಂಗಸಿಗೆ ಮಾತ್ರ ಪ್ರಯಾಣ ಸುಖವೋ ಕಷ್ಟವೋ ಅನ್ನೋದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ.

ನನ್ನ ಅಮ್ಮ ಅಂಥವರು. ಹಾಸನದಿಂದ ಇಂಗ್ಲೆಂಡಿಗೆ ನಮ್ಮ ಮನೆಗೆ ಬಂದಾಗಲೆಲ್ಲ ಗಾಡಿ ತೆಗೆದುಕೊಂಡು ಹೊರಡುತ್ತೇವೆ. ಹಿಂದಿನ ಸೀಟಿನಲ್ಲಿ ಕೂತರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಅವರ ಜಾಗ ಮುಂದೆ, ನನ್ನ ಗಂಡನ ಪಕ್ಕದ ಸೀಟು. ಅಲ್ಲಿಗೆ ಹತ್ತಿಸಲು, ಅದಕ್ಕಿಂತ ಮುಖ್ಯವಾಗಿ ಅಲ್ಲಿಂದ ಇಳಿಸಲು, ಮಾರ್ಕೆಟ್ಟಿನಲ್ಲಿ ಸಿಗುವ ಬಹುಪಾಲು ಸಾಮಾನು ಬಳಸಿ ನೋಡಿದ್ದೇವೆ. ಮಂಡಿ ನೋವಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ವಿಷಯ. ನಮ್ಮದು ಫಿಯಟ್ ಡುಕಾಟೊ ಮೇಲೆ ಜರ್ಮನಿಯಲ್ಲಿ ಕಟ್ಟಿದ್ದು. ಯುರೋಪಿನಲ್ಲಿ ಓಡಾಡುವ ಮೋಟರ್‌ಹೋಮ್‌ಗಳಲ್ಲಿ ತುಂಬಾ ಗಾಡಿಗಳ ಬುಡ ಇದೇ ವ್ಯಾನು. 1981ರಲ್ಲಿ ಮೊದಲು ಬಂತು, ಇಟಲಿಯ ಅಟೆಸ್ಸಾದಲ್ಲಿ ತಯಾರಾಗುತ್ತದೆ. ಪ್ಯೂಜೊ ಬಾಕ್ಸರ್, ಸಿಟ್ರೊಯೆನ್ ರಿಲೇ ಕೂಡ ಅದೇ ಅಚ್ಚಿನವು. ಹಾಗಾಗಿ ಇಲ್ಲಿ ಹೇಳುವುದು ಆ ಗಾಡಿಗಳಿಗೂ ಹೆಚ್ಚುಕಡಿಮೆ ಹೊಂದುತ್ತದೆ. ಟೇಪ್ ಹಿಡಿದು ಅಳೆದರೆ ನೆಲದಿಂದ ಬಾಗಿಲ ಬುಡದ ಮೆಟ್ಟಿಲಿಗೆ ಸುಮಾರು 45 ಸೆಂ.ಮೀ. ಇಂಗ್ಲೆಂಡಿನ ಕಟ್ಟಡ ನಿಯಮದ ಪ್ರಕಾರ ಮನೆಯೊಳಗಿನ ಮೆಟ್ಟಿಲು ಒಂದೊಂದೂ 22 ಸೆಂ.ಮೀ.ಗಿಂತ ಎತ್ತರ ಇರಬಾರದು. ಅಂದರೆ ಮೊದಲ ಹೆಜ್ಜೆಯಲ್ಲೇ ಎರಡು ಮೆಟ್ಟಿಲು ಒಟ್ಟಿಗೆ ಹತ್ತಿದ ಹಾಗೆ. ಆಮೇಲೆ ಇನ್ನೊಂದು ಹೆಜ್ಜೆ ಕ್ಯಾಬಿನ್ ನೆಲಕ್ಕೆ, ಆಮೇಲೆ ಅರ್ಧ ತಿರುಗಿ ಸೀಟಿಗೆ. ಕೆಲವು ಗಾಡಿಗಳಿಗೆ ಹಿಂಭಾಗದಲ್ಲಿ ಆಲ್-ಕೋ ಕಂಪನಿಯ ತಗ್ಗು ಚಾಸಿ, ಅಂದರೆ ಗಾಡಿಯ ಅಡಿಯ ಚೌಕಟ್ಟು, ಹಾಕಿರುತ್ತಾರೆ. ಅದರಿಂದ ಹಿಂದಿನ ಮನೆ ಭಾಗದ ನೆಲ ತಗ್ಗುತ್ತದೆ, ಕ್ಯಾಬಿನ್ ಎತ್ತರ ಇದ್ದ ಹಾಗೇ ಇರುತ್ತದೆ.

ಎಲ್ಲರೂ ಮೊದಲು ಕೊಳ್ಳುವುದು ಮಡಚುವ ಪ್ಲಾಸ್ಟಿಕ್ ಸ್ಟೂಲು. ಹತ್ತು ಹದಿನೈದು ಪೌಂಡಿಗೆ ಸಿಗುತ್ತದೆ, ಹಗುರ, ಮಡಚಿದರೆ ಸೀಟಿನ ಪಕ್ಕ ನಿಲ್ಲುತ್ತದೆ. 22 ಸೆಂ.ಮೀ. ಎತ್ತರದ್ದನ್ನು ಇಟ್ಟರೆ ಮೊದಲ ಹೆಜ್ಜೆ ಸರಿಯಾಗಿ ಅರ್ಧ ಆಗುತ್ತದೆ. ಟಾರ್ ರಸ್ತೆ ಮೇಲೆ, ಸಮತಟ್ಟು ಜಾಗದಲ್ಲಿ, ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಮೂರೂ ಒಟ್ಟಿಗೆ ಕೂಡಿ ಬರುವುದು ಕಡಿಮೆ. ಇಲ್ಲಿನ ಕ್ಯಾಂಪ್‌ಸೈಟ್ ಅಂದರೆ ಹುಲ್ಲು, ಮಳೆ ಬಿದ್ದ ಹುಲ್ಲು. ಸ್ಟೂಲಿನ ಕಾಲು ಒಂದು ಕಡೆ ಹೂತುಕೊಳ್ಳುತ್ತದೆ. ಹತ್ತಿದ ಮೇಲೆ ಸ್ಟೂಲ್ ಕೆಳಗೇ ಉಳಿಯುತ್ತದೆ, ಅದನ್ನು ಎತ್ತಿಕೊಡಲು ಇನ್ನೊಬ್ಬರು ಬೇಕು. ಹಿಡಿಗೆ ದಾರ ಕಟ್ಟಿ ಒಳಗಿಂದ ಎಳೆದುಕೊಳ್ಳುವ ಉಪಾಯ ಅನೇಕರು ಮಾಡುತ್ತಾರೆ, ನಾವೂ ಮಾಡಿದೆವು. ಹತ್ತುವಾಗ ಪರವಾಗಿಲ್ಲ. ಇಳಿಯುವಾಗ ಮೇಲಿಂದ ದಾರದಲ್ಲಿ ಬಿಟ್ಟ ಸ್ಟೂಲು ನೆಟ್ಟಗೆ ಕೂತಿದೆಯಾ, ಓರೆಯಾಗಿದೆಯಾ ಅಂತ ಬೆನ್ನು ಹಾಕಿ ಇಳಿಯುವವರಿಗೆ ಕಾಣುವುದೇ ಇಲ್ಲ. ಈ ಒಂದೇ ಕಾರಣಕ್ಕೆ, ಒಬ್ಬರೇ ಹತ್ತಿ ಇಳಿಯುವ ಹಿರಿಯರಿಗೆ ನಾನು ಇದನ್ನು ಹೇಳುವುದಿಲ್ಲ.

ಅದೇ ಜಾತಿಯ ಅಲ್ಯೂಮಿನಿಯಂ ಮೆಟ್ಟಿಲು, ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನ್ ಮನೆಯ ಬಾಗಿಲಿಗೆ ಇಡುವಂಥದ್ದು, ಇದಕ್ಕಿಂತ ಎಷ್ಟೋ ವಾಸಿ. ಅಗಲ ಜಾಸ್ತಿ, ಎರಡೂ ಪಾದ ಒಟ್ಟಿಗೆ ಇಟ್ಟು ನಿಂತು ಉಸಿರು ತೆಗೆದುಕೊಳ್ಳಬಹುದು. ಮಂಡಿ ನೋವಿದ್ದವರಿಗೆ ಆ ಒಂದು ಕ್ಷಣ ದೊಡ್ಡ ವಿಷಯ. ಆದರೆ ಅದರ ಜಾಗ ಹಿಂದಿನ ಡಿಕ್ಕಿಯಲ್ಲಿ. ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ನಿಲ್ಲಿಸಿದಾಗ ಯಾರು ಹೋಗಿ ತರುತ್ತಾರೆ? ಎರಡು ರಾತ್ರಿ ಒಂದೇ ಕಡೆ ನಿಲ್ಲುವಾಗ ಮಾತ್ರ ಅದು ಹೊರಗೆ ಬರುತ್ತದೆ.

ಚಕ್ರಕ್ಕೆ ಸಿಕ್ಕಿಸುವ ಟೈರ್ ಮೆಟ್ಟಿಲೂ ಸಿಗುತ್ತದೆ. ಅದು ಚಾವಣಿ, ಗಾಜು ಒರೆಸುವವರಿಗೆ. ಡುಕಾಟೊದಲ್ಲಿ ಮುಂದಿನ ಚಕ್ರ ಬಾಗಿಲಿನ ಮುಂದಕ್ಕಿದೆ, ಅಲ್ಲಿಂದ ಸೀಟಿಗೆ ಅಡ್ಡ ದಾಟಬೇಕು. ಬಿಟ್ಟುಬಿಡಿ.

ಇನ್ನು ಬಾಗಿಲ ಕೆಳಗೆ ಖಾಯಂ ಆಗಿ ಬೋಲ್ಟ್ ಹಾಕಿಸುವ ಫುಟ್‌ಬೋರ್ಡ್. ಸ್ಟೂಲಿಗೆ ಹೋಲಿಸಿದರೆ ಇದರ ಬೆಲೆ ಎಷ್ಟೋ ಪಟ್ಟು. ಸಾಮಾನು, ಕೂಲಿ ಸೇರಿದರೆ ನೂರಾರು ಪೌಂಡು. ಆದರೆ ಇದರ ಗುಣ ಒಂದೇ ಮಾತಿನಲ್ಲಿ ಹೇಳಬಹುದು: ಯಾವಾಗಲೂ ಅಲ್ಲೇ ಇರುತ್ತದೆ. ಯಾರೂ ಇಡಬೇಕಿಲ್ಲ, ತೆಗೆಯಬೇಕಿಲ್ಲ, ಅಲುಗಾಡುವುದಿಲ್ಲ. ಕಾಲು ಒಂದು ಸಲ ಆ ಜಾಗ ಕಲಿತುಬಿಟ್ಟರೆ ನೋಡದೆಯೇ ಹುಡುಕಿಕೊಳ್ಳುತ್ತದೆ. ತೊಂದರೆಯೂ ಇದೆ. ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ ಆಗುತ್ತದೆ, ಎತ್ತರದ ಫುಟ್‌ಪಾತ್ ಕಟ್ಟೆ ಪಕ್ಕ ನಿಲ್ಲಿಸುವಾಗ ಎಚ್ಚರ ಬೇಕು. ಚಕ್ರ ಎರಚಿದ ಕೆಸರೆಲ್ಲ ಅದರ ಮೇಲೇ ಬೀಳುತ್ತದೆ, ಪ್ಯಾಂಟಿನ ಕಾಲಿಗೂ ಸೀರೆಯ ಅಂಚಿಗೂ ಮೆತ್ತಿಕೊಳ್ಳುತ್ತದೆ. ಒಂದು ಹಳೇ ಬಟ್ಟೆ ಬಾಗಿಲ ಜೇಬಿನಲ್ಲಿ ಇಟ್ಟುಕೊಳ್ಳಿ. ಹಾಕಿಸುವಾಗ ಜಾಕ್ ಕೊಡುವ ಜಾಗ ಮುಚ್ಚಿಹೋಗದಂತೆ ನೋಡಬೇಕು. ಬ್ರಿಟನ್‌ನಲ್ಲಿ ಇಂಥ ಬದಲಾವಣೆಯನ್ನು ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು, ಅದನ್ನು ಮರೆಯಬೇಡಿ.

ಎಲೆಕ್ಟ್ರಿಕ್ ಮೆಟ್ಟಿಲನ್ನು ನೋಡಿದ್ದು ಸ್ನೇಹಿತರ ಗಾಡಿಯಲ್ಲಿ. ಸ್ವಿಚ್ ಒತ್ತಿದರೆ ಹೊರಗೆ ಬರುತ್ತದೆ, ಗಾಡಿ ಸ್ಟಾರ್ಟ್ ಮಾಡಿದರೆ ತಾನೇ ಒಳಗೆ ಹೋಗುತ್ತದೆ. ನೋಡೋಕೆ ಚೆಂದ, ಅಮ್ಮನಿಗೂ ತುಂಬಾ ಇಷ್ಟ ಆಯಿತು. ಆದರೆ ಚಕ್ರದ ಹಿಂದೆಯೇ ಕೂತ ಯಂತ್ರದೊಳಕ್ಕೆ ಮರಳು, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಎಲ್ಲ ಸೇರುತ್ತದೆ. ಅವರು ಆಗಾಗ ತೊಳೆದು ಎಣ್ಣೆ ಹಾಕುತ್ತಲೇ ಇರುತ್ತಾರೆ. ಅಷ್ಟು ಆರೈಕೆ ಮಾಡುವ ತಾಳ್ಮೆ ಇದ್ದರೆ ತೆಗೆದುಕೊಳ್ಳಿ. ನಮಗೆ ಅಲುಗಾಡದ ಹಲಗೆಯೇ ಸಾಕು ಅನ್ನಿಸಿತು.

ಇಷ್ಟೂ ಕಾಲಿನ ವಿಷಯ ಆಯಿತು. ನನ್ನ ಪ್ರಕಾರ ಅಸಲಿ ವಿಷಯ ಇರುವುದು ಕೈಯಲ್ಲಿ. ಅಮ್ಮ ಇದನ್ನು ಮೊದಲ ಪ್ರವಾಸದಲ್ಲೇ ಹೇಳಿದ್ದರು. "ಹತ್ತೋದು ಹೇಗೋ ಆಗುತ್ತೆ ಕಣೇ. ಇಳಿಯುವಾಗ ಹಿಡ್ಕೊಳ್ಳೋಕೆ ಏನೂ ಸಿಗಲ್ಲ, ಅದೇ ಭಯ." ನಮ್ಮ ಗಾಡಿಯಲ್ಲಿ ಗಾಜಿನ ಪಕ್ಕದ ಕಂಬಕ್ಕೆ ಒಂದು ಹಿಡಿಕೆ ಇದೆ, ಹತ್ತುವಾಗ ಒಂದು ಕೈ ಅಲ್ಲಿಗೆ ಹೋಗುತ್ತದೆ. ಇನ್ನೊಂದು ಕೈ ಬಾಗಿಲನ್ನು ಹಿಡಿಯುತ್ತದೆ. ಬಾಗಿಲು ಅಲ್ಲಾಡುವ ವಸ್ತು. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ, ಗಾಳಿ ಬೀಸಿದರೆ ಅದು ಭಾರದ ಜೊತೆಗೇ ಹೊರಟುಬಿಡುತ್ತದೆ. ಕಿಟಕಿಯ ಚೌಕಟ್ಟಿಗೆ ಬಕಲ್ ಹಾಕಿ ನೇತುಬಿಡುವ ನೈಲಾನ್ ಪಟ್ಟಿಗೂ ಇದೇ ರೋಗ: ಹಿಡಿತ ಮೆತ್ತಗಿದೆ, ಸರಿ, ಆದರೆ ಕಟ್ಟಿರುವುದು ಅಲ್ಲಾಡುವ ಬಾಗಿಲಿಗೇ ಅಲ್ವಾ?

ನಮಗೆ ನಿಜವಾಗಿ ವ್ಯತ್ಯಾಸ ಮಾಡಿದ್ದು ಬಾಗಿಲ ಲಾಕ್‌ನ ಕೊಂಡಿಗೆ ಸಿಕ್ಕಿಸುವ ಹಿಡಿಕೆ. ಬಾಗಿಲು ತೆರೆದರೆ ಹಿಂದಿನ ಕಂಬದಲ್ಲಿ ಇಂಗ್ಲಿಷಿನ ಯು ಆಕಾರದ ಉಕ್ಕಿನ ಕೊಂಡಿ ಕಾಣುತ್ತದೆ, ಮುಚ್ಚಿದಾಗ ಬಾಗಿಲು ಕಚ್ಚಿಕೊಳ್ಳುವುದು ಅದನ್ನೇ. ಹಿಡಿಕೆಯ ಉಕ್ಕಿನ ನಾಲಗೆಯನ್ನು ಅದರೊಳಗೆ ತೂರಿಸಿದರೆ ಕೈ ಊರಲು ಗಟ್ಟಿ ಆಸರೆ ಸಿಗುತ್ತದೆ. ಸ್ಕ್ರೂ ಇಲ್ಲ, ತೂತು ಇಲ್ಲ. ಬೆಲೆ ಹೆಚ್ಚುಕಡಿಮೆ ಸ್ಟೂಲಿನಷ್ಟೇ. ಸೀಟಿನಿಂದ ಏಳುವಾಗ ಇದರ ಬೆಲೆ ಗೊತ್ತಾಗುತ್ತದೆ. ಅಂಗೈ ಊರಿ ಕೆಳಕ್ಕೆ ಒತ್ತಿದರೆ ಮೈಭಾರ ಮಂಡಿಯ ಬದಲು ತೋಳಿಗೆ ಬರುತ್ತದೆ. ಮಿತಿಯೂ ಇದೆ. ಹತ್ತುವಾಗ ಅದು ಹಿಂದಕ್ಕೆ ಇರುತ್ತದೆ, ಅಷ್ಟು ಉಪಯೋಗವಿಲ್ಲ. ಭುಜ ನೋಯುವವರಿಗೆ ಇದು ಸರಿಹೋಗುವುದಿಲ್ಲ. ನನ್ನ ಅತ್ತೆಯವರಿಗೆ ಭುಜ ಹಿಡಿದುಕೊಂಡಿದೆ, ಅವರಿಗೆ ಫುಟ್‌ಬೋರ್ಡೇ ಮೇಲು. ಎಲ್ಲಾ ಗಾಡಿಗಳಲ್ಲೂ ಕೊಂಡಿ ಈ ಆಕಾರದಲ್ಲಿ ಇರುವುದಿಲ್ಲ, ಕೊಳ್ಳುವ ಮೊದಲು ಬಾಗಿಲು ತೆರೆದು ನೋಡಿ. ಬಾಗಿಲು ಮುಚ್ಚುವ ಮುಂಚೆ ಹಿಡಿಕೆ ತೆಗೆಯಲೇಬೇಕು. ಕಂಬಕ್ಕೆ ಬೇರೆ ಹಿಡಿಕೆ ಹೊಡೆಸುವ ಯೋಚನೆ ಇದ್ದರೆ ಏರ್‌ಬ್ಯಾಗ್ ಎಲ್ಲೆಲ್ಲಿದೆ ಅಂತ ಗೊತ್ತಿರುವವರ ಹತ್ತಿರ ಮಾತ್ರ ಹೋಗಿ.

ಸೀಟಿನ ಮೇಲೆ ಹಾಕುವ ತಿರುಗುವ ದಿಂಬು ಒಂದಿದೆ. ಕೂತು ಕಾಲು ಒಳಗೆ ತಿರುಗಿಸಲು ಸುಲಭ ಆಗುತ್ತೆ ಅನ್ನುತ್ತಾರೆ. ಕಾರಿನಲ್ಲಿ ಆಗಬಹುದು. ಇಲ್ಲಿ ಸೀಟು ಮೊದಲೇ ಎತ್ತರ, ದಿಂಬು ಅದನ್ನು ಇನ್ನೂ ಎತ್ತರಿಸುತ್ತದೆ. ಗಿಡ್ಡ ಇರುವವರ ಕಾಲು ನೆಲಕ್ಕೆ ತಾಗುವುದಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಜಾರುವ ದಿಂಬಿನ ಮೇಲೆ ಕೂತವರು ಬೆಲ್ಟಿನ ಕೆಳಗೆ ಜಾರುವ ಅಪಾಯ ಇದೆ. ಗಾಡಿ ಓಡುವಾಗ ಅದು ಸೀಟಿನ ಮೇಲೆ ಇರಲೇಬಾರದು. ಹಾಗಿದ್ದ ಮೇಲೆ ಯಾಕೆ ಬೇಕು?

ಸೀರೆಯ ವಿಷಯ ಬಿಡಿಸಿ ಹೇಳುತ್ತೇನೆ, ಇಲ್ಲಿನ ಅಂಗಡಿಯವರು ಇದನ್ನು ಹೇಳಲಾರರು. ಬಲಗಾಲು ಮೆಟ್ಟಿಲ ಮೇಲಿಟ್ಟಾಗ ನಿರಿಗೆ ಮುಂದಕ್ಕೆ ಬಂದು ಪಾದದ ಕೆಳಗೆ ಸೇರುತ್ತದೆ. ಎಡಗಾಲು ಎತ್ತಿದ ತಕ್ಷಣ ಸೀರೆ ಬಿಗಿಯುತ್ತದೆ, ಮೈ ಹಿಂದಕ್ಕೆ ಎಳೆಯುತ್ತದೆ. ನಿರಿಗೆ ಎತ್ತಿ ಹಿಡಿಯಲು ಒಂದು ಕೈ ಬೇಕು. ಉಳಿಯುವುದು ಒಂದೇ ಕೈ. ಲಾರಿ ಡ್ರೈವರ್‌ಗಳಿಗೆ ಕಲಿಸುವ ನಿಯಮ ಏನು? ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಯಾವಾಗಲೂ ಮೂರು ಆಸರೆ ಇರಬೇಕು. ಸೀರೆ ಉಟ್ಟವರಿಗೆ ಎತ್ತರದ ಮೊದಲ ಹೆಜ್ಜೆಯಲ್ಲಿ ಎರಡೇ ಉಳಿಯುತ್ತದೆ. ಹೆಜ್ಜೆ ತಗ್ಗಿದರೆ ಅಷ್ಟು ನಿರಿಗೆ ಎತ್ತುವುದೇ ಬೇಡ, ಕೈ ಬಿಡುವಾಗುತ್ತದೆ. ಫುಟ್‌ಬೋರ್ಡ್ ಗೆಲ್ಲುವುದು ಇಲ್ಲೇ. ನಾವು ಸ್ವಲ್ಪ ಎತ್ತರಕ್ಕೆ ಉಟ್ಟು, ನಿರಿಗೆಗೆ ಮಂಡಿಯ ಹತ್ತಿರ ಒಳಗಿನಿಂದ ಒಂದು ಪಿನ್ನು ಹಾಕುತ್ತೇವೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಇಲ್ಲದಿದ್ದರೆ ಬಾಗಿಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಹತ್ತುವ ಕ್ರಮವೂ ಮುಖ್ಯ. ಫಿಸಿಯೋಥೆರಪಿಯವರು ಹೇಳುವುದು ಇದನ್ನೇ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಇಳಿಯುವಾಗ ಮುಖ ಗಾಡಿಯ ಕಡೆಗೇ ಇರಲಿ, ಏಣಿ ಇಳಿದ ಹಾಗೆ. ಅಮ್ಮನಿಗೆ ಇದು ಒಗ್ಗಲು ಸಮಯ ಹಿಡಿಯಿತು. ಹೊರಗೆ ನೋಡುತ್ತಾ ಇಳಿದರೇ ಧೈರ್ಯ ಅಂತ ಅವರ ವಾದ. ಆದರೆ ಹಾಗೆ ಇಳಿದರೆ ಹಿಡಿಕೆಗಳೆಲ್ಲ ಬೆನ್ನ ಹಿಂದಾಗುತ್ತವೆ, ಪೂರ್ತಿ ಭಾರ ಒಂದೇ ಮಂಡಿ ಮೇಲೆ ಬೀಳುತ್ತದೆ.

ಕ್ಯಾಬಿನ್ ಬಾಗಿಲನ್ನೇ ಬಿಟ್ಟುಬಿಡುವ ದಾರಿಯೂ ಇದೆ. ಹಿಂದಿನ ಮನೆ ಭಾಗದ ಬಾಗಿಲಿಂದ ಹತ್ತಿ, ಒಳಗಿಂದಲೇ ಮುಂದಕ್ಕೆ ನಡೆಯುವುದು. ಆ ಬಾಗಿಲಿಗೆ ಕಂಪನಿಯದೇ ಮೆಟ್ಟಿಲು ಇರುತ್ತದೆ, ಒಳಗೆ ಉದ್ದನೆಯ ಹಿಡಿಕೆ ಇರುತ್ತದೆ. ಮುಂದಿನ ಸೀಟನ್ನು ಮೊದಲೇ ಒಳಮುಖವಾಗಿ ತಿರುಗಿಸಿಟ್ಟರೆ ಸೋಫಾ ಮೇಲೆ ಕೂತಷ್ಟು ಸಲೀಸು. ಆಮೇಲೆ ನಾವು ಕ್ಯಾಬಿನ್ ಬಾಗಿಲನ್ನು ಅರ್ಧ ತೆರೆದು, ಸೀಟು ಕಂಬಕ್ಕೆ ತಾಗದ ಹಾಗೆ ಮುಂದೆ ಸರಿಸಿ, ಅಮ್ಮ ಕೂತಿರುವಾಗಲೇ ನಿಧಾನಕ್ಕೆ ತಿರುಗಿಸಿ, ಲಾಕ್ ಬಿತ್ತಾ ಅಂತ ಅಲ್ಲಾಡಿಸಿ ನೋಡುತ್ತೇವೆ. ಕ್ಯಾಂಪ್‌ಸೈಟಿನಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

ರಸ್ತೆ ಬದಿಯಲ್ಲಿ ಕಥೆ ಬೇರೆ. ಯುರೋಪಿನ ಮುಖ್ಯ ಭಾಗದಲ್ಲಿ ಗಾಡಿಗಳು ಬಲಗಡೆ ಓಡುತ್ತವೆ, ಹಾಗಾಗಿ ಅಲ್ಲಿ ಕಟ್ಟಿದ ಮೋಟರ್‌ಹೋಮ್‌ಗಳ ಮನೆ ಬಾಗಿಲು ಸಾಮಾನ್ಯವಾಗಿ ಬಲಕ್ಕೇ ಇರುತ್ತದೆ. ಬ್ರಿಟನ್ನಿಗೆ ಅಂತ ಸ್ಟೀರಿಂಗ್ ಬಲಕ್ಕೆ ಬದಲಾಯಿಸಿದರೂ ಬಾಗಿಲು ಅಲ್ಲೇ ಉಳಿಯುವುದು ಮಾಮೂಲು. ನಮ್ಮದೂ ಹಾಗೇ. ಇಲ್ಲಿ ನಮ್ಮೂರಿನ ಹಾಗೆ ಎಡಗಡೆ ಓಡಿಸುವುದು. ಅಂದರೆ ಆ ಬಾಗಿಲಿಂದ ಇಳಿದರೆ ಕಾಲಿಡುವುದು ನಡುರಸ್ತೆಗೆ. ಸ್ಕಾಟ್ಲೆಂಡಿನ ಕಿರಿದಾದ ದಾರಿಗಳಲ್ಲಿ ಲಾರಿ ಹತ್ತಿರದಲ್ಲೇ ಹಾದುಹೋಗುವಾಗ ವಯಸ್ಸಾದವರನ್ನು ಆ ಕಡೆ ಇಳಿಸುವ ಮಾತೇ ಇಲ್ಲ. ಇಂಗ್ಲೆಂಡಿನಲ್ಲೇ ಕಟ್ಟಿದ ಗಾಡಿಗಳಲ್ಲಿ ಬಾಗಿಲು ಹೆಚ್ಚಾಗಿ ಎಡಕ್ಕಿರುತ್ತದೆ. ಅಂಥ ಗಾಡಿ ನಿಮ್ಮದಾದರೆ, ಒಳಗೆ ದಾರಿ ಅಗಲವಾಗಿದ್ದರೆ, ನೀವು ಬೇರೇನೂ ಕೊಳ್ಳದೇ ಇರಬಹುದು.

ನಾವು ಕೊನೆಗೆ ಉಳಿಸಿಕೊಂಡಿದ್ದು ಎರಡು: ಎಡಬಾಗಿಲ ಕೆಳಗೆ ಫುಟ್‌ಬೋರ್ಡ್, ಬಾಗಿಲ ಜೇಬಿನಲ್ಲಿ ಕೊಂಡಿ ಹಿಡಿಕೆ. ಕ್ಯಾಂಪ್‌ಸೈಟಿನಲ್ಲಿ ಮನೆ ಬಾಗಿಲು. ದುಡ್ಡು ಒಂದಕ್ಕೇ ಇದ್ದರೆ ಮೊದಲು ಹಿಡಿಕೆ ತೆಗೆದುಕೊಳ್ಳಿ, ಭುಜ ಸರಿಯಿದ್ದರೆ. ಕಾಲಿಗೆ ಆಸರೆ ಯಾರಾದರೂ ಹುಡುಕಿಕೊಡುತ್ತಾರೆ, ಎಡಗಡೆ ಫುಟ್‌ಪಾತ್ ಕಟ್ಟೆಗೆ ತೀರಾ ಹತ್ತಿರ ನಿಲ್ಲಿಸಿ ಅದರ ಮೇಲಿಂದ ಹತ್ತಿಸಿದರೂ ಹತ್ತು ಸೆಂ.ಮೀ. ಮಿಗುತ್ತದೆ.

ಇನ್ನೊಂದು. ನೆಲ ಓರೆ ಇದ್ದಾಗ ಗಾಡಿ ಸಮ ಮಾಡಲು ಮುಂದಿನ ಚಕ್ರದ ಕೆಳಗೆ ಪ್ಲಾಸ್ಟಿಕ್ ದಿಣ್ಣೆ ಕೊಡುತ್ತೇವಲ್ಲ, ಅದು ಕ್ಯಾಬಿನ್ನನ್ನು ಇನ್ನೂ ಎತ್ತರ ಮಾಡುತ್ತದೆ. ಸಂಜೆ ಸಲೀಸಾಗಿ ಇಳಿಯಬಹುದು ಅಂದುಕೊಂಡ ಮೆಟ್ಟಿಲು ಹತ್ತು ಸೆಂ.ಮೀ. ಮೇಲಕ್ಕೆ ಹೋಗಿರುತ್ತದೆ. ಹಿರಿಯರು ಇಳಿದ ಮೇಲೆ ಗಾಡಿಯನ್ನು ದಿಣ್ಣೆ ಹತ್ತಿಸಿ. ಬೆಳಗ್ಗೆ ಹೊರಡುವಾಗ ಮೊದಲು ದಿಣ್ಣೆಯಿಂದ ಇಳಿಸಿ, ಆಮೇಲೆ ಅವರನ್ನು ಕರೆಯಿರಿ.