ಕೆ ಸರಣಿಯ ಎಂಜಿನ್ ಮತ್ತು ಅದರ ನಡುಕ: ದಶಕ ಮೀರಿದ ಬಳಕೆಯ ಅನುಭವ

ಸಣ್ಣ ಪೆಟ್ರೋಲ್ ಕಾರು ಕೊಳ್ಳಲು ಹೊರಟವರು ಮೈಲೇಜಿನ ವಿಚಾರ ಕೇಳಿ ಮುಗಿಸಿದ ಮೇಲೆ, ‘ಮೂರು ಸಿಲಿಂಡರಿನದಾದರೆ ನಡುಗುವುದಿಲ್ಲವೇ?’ ಎಂದು ಕೇಳದೆ ಬಿಡುವುದಿಲ್ಲ. ಮಾರುತಿ ಸುಜುಕಿಯ ಕೆ ಸರಣಿಯ ಎಂಜಿನ್ನುಗಳ ಜೊತೆ ದಶಕಕ್ಕೂ ಮೀರಿದ ಒಡನಾಟವಿರುವ ನಾನು ಈ ವಿಮರ್ಶೆಯನ್ನು ಬಹುಮಟ್ಟಿಗೆ ಆ ಒಂದು ಪ್ರಶ್ನೆಗಾಗಿಯೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿರುವುದು ಮೂರು ಸಿಲಿಂಡರಿನ ಕೆ10ಬಿ ಎಂಜಿನ್ನಿನ ವ್ಯಾಗನ್‌ಆರ್, ತಮ್ಮನ ಮನೆಯಲ್ಲಿರುವುದು ನಾಲ್ಕು ಸಿಲಿಂಡರಿನ ಕೆ12ಎಂ ಇರುವ ಸ್ವಿಫ್ಟ್. ಎರಡನ್ನೂ ಬೇಕೆಂದಾಗ ಓಡಿಸುವ ಅನುಕೂಲ ನನಗಿದೆ.

ಕೆ10ಬಿ ನಮ್ಮ ದೇಶಕ್ಕೆ ಬಂದದ್ದು 2008ರ ಎ-ಸ್ಟಾರ್ ಕಾರಿನಲ್ಲಿ; ಮರುವರ್ಷ ರಿಟ್ಜ್ ಕಾರಿನಲ್ಲಿ ಕೆ12ಎಂ ಬಂತು. 2010ರಲ್ಲಿ ವ್ಯಾಗನ್‌ಆರ್‌ಗೆ ಕೆ10ಬಿ ಕೂರಿಸಿದಾಗ, ಅದುವರೆಗೆ 1061 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ ಇದ್ದ ಕಾರಿಗೆ 998 ಸಿಸಿಯ ಮೂರು ಸಿಲಿಂಡರಿನದನ್ನು ಕೊಟ್ಟಿದ್ದಾರೆಂದು ಅನೇಕರಿಗೆ ಅಸಮಾಧಾನವಾಗಿತ್ತು. ಆದರೆ ಹಳೆಯದರ ಟಾರ್ಕ್, ಅಂದರೆ ತಿರುಗಿಸುವ ಬಲ, 84 ನ್ಯೂಟನ್ ಮೀಟರ್ ಇದ್ದರೆ ಹೊಸದರದು 90 ಇತ್ತು, ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟಿನ ಜಾಗದಲ್ಲಿ, ಹೆಚ್ಚು ಕಾಲ ಬಾಳುವ ಟೈಮಿಂಗ್ ಚೈನ್ ಬಂದಿತ್ತು. ಒಮ್ಮೆ ಕೊಂಡ ಕಾರನ್ನು ಅದು ಸವೆಯುವವರೆಗೂ ಇಟ್ಟುಕೊಳ್ಳುವ ನನ್ನಂಥವರಿಗೆ ಸಿಲಿಂಡರುಗಳ ಸಂಖ್ಯೆಗಿಂತ ಆ ಚೈನೇ ಮುಖ್ಯವಾಗಿ ಕಂಡಿತ್ತು.

ಈಗ ನಡುಕದ ವಿಷಯ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್ 240 ಡಿಗ್ರಿ ತಿರುಗಿದಾಗಲೊಮ್ಮೆ ಒಂದು ಸಿಲಿಂಡರಿನಲ್ಲಿ ಇಂಧನ ಉರಿಯುತ್ತದೆ. ನಾಲ್ಕು ಸಿಲಿಂಡರಿನದರಲ್ಲಿ 180 ಡಿಗ್ರಿಗೊಮ್ಮೆ. ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುತ್ತಿರುವಾಗ, ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದುಕೊಂಡರೆ ನಾಲ್ಕರದರಲ್ಲಿ ಸೆಕೆಂಡಿಗೆ ಸುಮಾರು 27 ಬಾರಿ ಆಗುವ ದಹನ ಮೂರರದರಲ್ಲಿ 20 ಬಾರಿ ಮಾತ್ರ ಆಗುತ್ತದೆ, ಆದ್ದರಿಂದ ಒಂದೊಂದು ತಳ್ಳುವಿಕೆಯೂ ಬಿಡಿಬಿಡಿಯಾಗಿ ಮೈಗೆ ತಿಳಿಯುತ್ತದೆ. ಇದರ ಜೊತೆಗೆ, ಮೂರು ಪಿಸ್ಟನ್ನುಗಳ ಮೇಲೆ ಕೆಳಗಿನ ಬಲಗಳು ಒಟ್ಟಾರೆಯಾಗಿ ಸರಿದೂಗಿದರೂ, ಎರಡು ತುದಿಯ ಪಿಸ್ಟನ್ನುಗಳು ಏಕಕಾಲಕ್ಕೆ ಒಂದೇ ಸ್ಥಾನದಲ್ಲಿರದ ಕಾರಣ ಎಂಜಿನ್ ಒಂದು ತುದಿಯಿಂದ ಇನ್ನೊಂದು ತುದಿಗೆ ತೂಗಲು ನೋಡುತ್ತದೆ. ಇದು ವಿನ್ಯಾಸದ ಹುಟ್ಟುಗುಣವೇ ಹೊರತು ತಯಾರಿಕೆಯ ದೋಷವಲ್ಲ.

ಬಳಕೆಯಲ್ಲಿ ಇದು ಹೇಗೆ ಕಾಣುತ್ತದೆ ಎಂದರೆ, ಸಿಗ್ನಲ್ಲಿನಲ್ಲಿ ನಿಂತಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ವಾಹನದ ನಂಬರ್ ಪ್ಲೇಟಿನ ಅಂಚು ಸ್ವಲ್ಪ ಮಸುಕಾಗುತ್ತದೆ; ಗೇರಿನ ಹಿಡಿಯ ಮೇಲೆ ಕೈಯಿಟ್ಟರೆ ಸಣ್ಣಗೆ, ಒಂದೇ ಸಮನಾಗಿ ಮಿಡಿಯುವುದು ತಿಳಿಯುತ್ತದೆ; ಎ.ಸಿ. ಕಂಪ್ರೆಸರ್ ಸೇರಿಕೊಂಡ ಕ್ಷಣ ಎಂಜಿನ್ ಒಮ್ಮೆ ಕುಗ್ಗಿ, ತಾನೇ ಐಡ್ಲಿಂಗ್ ಏರಿಸಿಕೊಂಡು ಸರಿಯಾಗುತ್ತದೆ. ಕಾರು ಹೊರಟು ಸುತ್ತು ಸ್ವಲ್ಪ ಏರಿತೆಂದರೆ ಇದೆಲ್ಲ ಮಾಯವಾಗಿ, ತುಸು ಒರಟಾದ, ಆದರೆ ಲವಲವಿಕೆಯ ಒಂದು ದನಿ ಮಾತ್ರ ಉಳಿಯುತ್ತದೆ. ಆ ದನಿ ನನಗೆ ನಿಜವಾಗಿಯೂ ಇಷ್ಟ. ತಮ್ಮನ ಸ್ವಿಫ್ಟ್ ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆಗಿದೆಯೇನೋ ಎಂಬಷ್ಟು ಶಾಂತವಾಗಿರುತ್ತದೆ, ಅದನ್ನು ಓಡಿಸುವುದು ಸುಖವೇ ಸರಿ. ಆದರೂ ಊರೊಳಗಿನ ಗಿಜಿಗುಡುವ ರಸ್ತೆಗೆ ನಾನು ಆರಿಸಿಕೊಳ್ಳುವುದು ಕೆ10ಬಿಯನ್ನೇ.

ಅದಕ್ಕೆ ಕಾರಣವಿದೆ. ಎರಡೂ ಎಂಜಿನ್ನುಗಳ ಸಿಲಿಂಡರಿನ ವ್ಯಾಸ ಒಂದೇ, 73 ಮಿಲಿಮೀಟರ್. ಪಿಸ್ಟನ್ ಚಲಿಸುವ ದೂರ ಮಾತ್ರ ಕೆ12ಎಂನಲ್ಲಿ 71.5 ಮಿಲಿಮೀಟರ್, ಕೆ10ಬಿಯಲ್ಲಿ 79.5 ಮಿಲಿಮೀಟರ್. ಅಂದರೆ ಚಿಕ್ಕ ಎಂಜಿನ್ನಿನ ಒಂದೊಂದು ಸಿಲಿಂಡರೂ ದೊಡ್ಡ ಎಂಜಿನ್ನಿನ ಸಿಲಿಂಡರಿಗಿಂತ ದೊಡ್ಡದು, ಸ್ಟ್ರೋಕೂ ಉದ್ದ. ಹಗುರವಾದ ವ್ಯಾಗನ್‌ಆರ್ ದೇಹಕ್ಕೆ ಅದು ಜೊತೆಯಾದಾಗ ಕಡಿಮೆ ವೇಗದಲ್ಲೂ ಎಳೆತ ಚೆನ್ನಾಗಿ ಸಿಗುತ್ತದೆ. ಸ್ಪೀಡ್ ಬ್ರೇಕರ್ ದಾಟಿದ ಮೇಲೆ ಎರಡನೇ ಗೇರಿನಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಮುಟ್ಟಿದರೆ ಸಾಕು, ಗೊಣಗದೆ ಮುಂದಕ್ಕೆ ಹೋಗುತ್ತದೆ. ಸ್ವಿಫ್ಟ್ ತನ್ನ ನಿಜವಾದ ಹುರುಪು ತೋರಿಸಲು ಇನ್ನಷ್ಟು ಸುತ್ತು ಕೇಳುತ್ತದೆ. ಐವರು ಕೂತು, ಸಾಮಾನು ತುಂಬಿ, ಎ.ಸಿ. ಹಾಕಿ ಘಟ್ಟ ಹತ್ತುವಾಗ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ: ಕೆ10ಬಿ ಎರಡನೇ ಗೇರಿಗೆ ಅಂಟಿಕೊಳ್ಳುತ್ತದೆ, ಮುಂದಿನ ಲಾರಿಯನ್ನು ದಾಟುವ ಆಸೆಯನ್ನು ಬಿಡಬೇಕಾಗುತ್ತದೆ. ಅಂಥ ಪ್ರಯಾಣವೇ ಹೆಚ್ಚಾಗಿರುವವರು ನಾಲ್ಕು ಸಿಲಿಂಡರಿನದನ್ನು ಕೊಳ್ಳುವುದು ಒಳ್ಳೆಯದು.

ಇಷ್ಟರಮಟ್ಟಿಗೆ ಎಲ್ಲವೂ ಸಂತೋಷದ ಮಾತೇ. ಬೇಸರವಾದದ್ದು ಎಂಜಿನ್ನಿನಿಂದಲ್ಲ, ಅದರ ಹುಟ್ಟುಗುಣವನ್ನು ನೆಪವಾಗಿಸಿಕೊಂಡವರಿಂದ. ಕಾರಿಗೆ ವಯಸ್ಸಾಗುತ್ತ ಬಂದಾಗ ನಡುಕ ಹೆಚ್ಚಾಯಿತು. ರಿವರ್ಸ್ ಗೇರಿಗೆ ಹಾಕಿ ಕ್ಲಚ್ಚನ್ನು ಬಿಡುವಾಗ ಡ್ಯಾಶ್‌ಬೋರ್ಡ್ ಪೂರ್ತಿ ಗಡಗಡ ಎನ್ನುತ್ತಿತ್ತು, ಸೀಟಿನ ಕೆಳಗೂ ಅದು ತಟ್ಟುತ್ತಿತ್ತು. ಬಹುಕಾಲದಿಂದ ಕಾರು ಬಿಡುತ್ತಿದ್ದ ವರ್ಕ್‌ಶಾಪಿನಲ್ಲಿ ಹೇಳಿದರೆ, ಬಾನೆಟನ್ನು ಎತ್ತುವ ಮೊದಲೇ ಉತ್ತರ ಸಿದ್ಧವಾಗಿತ್ತು: ‘ತ್ರೀ ಸಿಲಿಂಡರ್ ಅಲ್ವಾ ಸಾರ್, ಇದು ಇರೋದೇ ಹೀಗೆ.’ ಮುಂದಿನ ಸರ್ವಿಸಿನಲ್ಲೂ ಅದೇ ಮಾತು. ವರ್ಷಗಟ್ಟಲೆ ಒಂದೇ ಕಾರನ್ನು ದಿನವೂ ಓಡಿಸುವವನಿಗೆ ಅದರ ಮಿಡಿತ ಬದಲಾದದ್ದು ತಿಳಿಯುವುದಿಲ್ಲವೇ? ಗ್ರಾಹಕ ಹೇಳುವ ಲಕ್ಷಣವನ್ನು ಪರೀಕ್ಷಿಸದೆ ಎಂಜಿನ್ನಿನ ಜಾತಿಯ ಮೇಲೆ ಹಾಕಿಬಿಡುವ ಈ ಅಭ್ಯಾಸದಿಂದ ಇನ್ನೆಷ್ಟು ಜನ ಸರಿಪಡಿಸಬಹುದಾದ ತೊಂದರೆಯನ್ನು ಸಹಿಸಿಕೊಂಡು ಓಡಾಡುತ್ತಿರಬಹುದು ಎಂದು ಯೋಚಿಸಿದರೆ ಸಿಟ್ಟು ಬರುತ್ತದೆ.

ಕೊನೆಗೆ ಸ್ನೇಹಿತರೊಬ್ಬರು ಹೇಳಿದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಅವರು ಬಾನೆಟ್ ತೆರೆಸಿ, ಹ್ಯಾಂಡ್‌ಬ್ರೇಕ್ ಎಳೆಸಿ, ಬ್ರೇಕಿನ ಮೇಲೂ ಕಾಲಿಡಲು ಹೇಳಿ, ಮೊದಲು ಒಂದನೇ ಗೇರಿನಲ್ಲಿ, ಆಮೇಲೆ ರಿವರ್ಸಿನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಡಿಸಿದರು. ತಾವು ಪಕ್ಕದಲ್ಲಿ ನಿಂತು ಎಂಜಿನ್ ಯಾವ ಕಡೆಗೆ ಎಷ್ಟು ವಾಲುತ್ತದೆ ಎಂದು ನೋಡಿದರು. ರಿವರ್ಸಿನಲ್ಲಿ ಅದು ಕಣ್ಣಿಗೆ ಕಾಣುವಷ್ಟು ಎದ್ದು ಕೂತಿತು. ಎಂಜಿನ್ನನ್ನು ಕಾರಿನ ದೇಹಕ್ಕೆ ಹಿಡಿದಿಟ್ಟು ನಡುಕವನ್ನು ತಡೆಯುವ ಮೌಂಟಿನ ರಬ್ಬರ್ ಸೀಳಿತ್ತು. ಯಾವ ಕಾರಿನಲ್ಲಾದರೂ ಕಾಲಕ್ರಮದಲ್ಲಿ ಶಾಖಕ್ಕೂ ಭಾರಕ್ಕೂ ಸಿಕ್ಕು ಗಟ್ಟಿಯಾಗಿ ಬಿರುಕು ಬಿಡುವ ಭಾಗ ಅದು. ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯಲ್ಲೂ ಕಾರ್ಬನ್ ಕಟ್ಟಿತ್ತು. ಮೌಂಟ್ ಬದಲಿಸಿ, ಥ್ರಾಟಲ್ ಬಾಡಿ ತೊಳೆದು ಕೊಟ್ಟರು. ಖರ್ಚಾದದ್ದು ಒಂದು ಮಾಮೂಲಿ ಸರ್ವಿಸಿನ ಬಿಲ್ಲಿಗಿಂತ ಕಡಿಮೆ. ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ಕನ್ನಡಿ ನೋಡಿದರೆ, ನಂಬರ್ ಪ್ಲೇಟಿನ ಅಂಚು ಮಾತ್ರ ಮಸುಕಾಗುತ್ತಿತ್ತು, ಅಂಕಿಗಳು ಸ್ಪಷ್ಟವಾಗಿದ್ದವು.

ಹೀಗಾಗಿ ಓದುಗರಿಗೆ ಹೇಳುವುದಿಷ್ಟು. ಸಹಜವಾದ ನಡುಕ ಒಂದೇ ಲಯದಲ್ಲಿರುತ್ತದೆ, ಐಡ್ಲಿಂಗ್‌ಗಿಂತ ಸ್ವಲ್ಪ ಮೇಲೆ ಹೋದರೆ ಹೋಗಿಬಿಡುತ್ತದೆ. ಲಯ ತಪ್ಪಿ ನಡುನಡುವೆ ಮುಗ್ಗರಿಸಿದಂತಾದರೆ ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲನ್ನು ನೋಡಿಸಬೇಕು. ಮೂರರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಬಲದ ಮೂರನೇ ಒಂದು ಭಾಗವೇ ಹೋಗುವುದರಿಂದ ಅದು ಮುಚ್ಚಿಡಲಾಗದಂತೆ ಕಾಣಿಸಿಕೊಳ್ಳುತ್ತದೆ. ಐಡ್ಲಿಂಗ್ ತಾನಾಗಿ ಏರಿಳಿಯುತ್ತಿದ್ದರೆ ಥ್ರಾಟಲ್ ಬಾಡಿಯನ್ನೋ ಗಾಳಿಯ ಸೋರಿಕೆಯನ್ನೋ ಶಂಕಿಸಬೇಕು. ಗೇರ್ ಹಾಕಿ ಹೊರಡುವಾಗ ಮಾತ್ರ ಗುದ್ದಿದಂತಾದರೆ ಮೌಂಟ್. ವೇಗ ಹೆಚ್ಚಾದಂತೆ ಸ್ಟೀರಿಂಗ್ ನಡುಗಿದರೆ ಮೊದಲು ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಬೇಕು.

ಉಳಿದಂತೆ ಈ ಎಂಜಿನ್ ಕೇಳುವುದು ಕಡಿಮೆ, ಆದರೆ ಕೇಳುವುದನ್ನು ತಪ್ಪದೆ ಕೊಡಬೇಕು. ಚೈನನ್ನು ಬೆಲ್ಟಿನಂತೆ ಇಂತಿಷ್ಟು ಕಿಲೋಮೀಟರಿಗೆ ಬದಲಿಸಬೇಕಾಗಿಲ್ಲ ಎಂಬ ನೆಮ್ಮದಿಯಲ್ಲಿ ಜನ ಆಯಿಲನ್ನು ಮರೆಯುತ್ತಾರೆ. ಆ ಚೈನಿಗೆ ಜಾರುವಿಕೆ ಕೊಡುವುದೂ ಆಯಿಲೇ, ಅದನ್ನು ಬಿಗಿಯಾಗಿಡುವ ಟೆನ್ಶನರಿಗೆ ಒತ್ತಡ ಕೊಡುವುದೂ ಆಯಿಲೇ. ನಮ್ಮದು ಬಹುಪಾಲು ಹತ್ತಿರದ ಓಡಾಟ. ಎಂಜಿನ್ ಪೂರ್ತಿ ಕಾಯುವಷ್ಟರಲ್ಲಿ ಊರು ಮುಗಿದಿರುತ್ತದೆ. ಇಂಥ ಬಳಕೆಯಲ್ಲಿ ತೇವಾಂಶವೂ ಉರಿಯದೆ ಉಳಿದ ಪೆಟ್ರೋಲೂ ಆಯಿಲಿಗೆ ಸೇರುವುದರಿಂದ, ನಾನು 10,000 ಕಿಲೋಮೀಟರ್ ಆಗಲೆಂದು ಕಾಯದೆ ವರ್ಷಕ್ಕೊಮ್ಮೆ ಬದಲಿಸಿಬಿಡುತ್ತೇನೆ. ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು, ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ ತೆಗೆದು, ಎರಡು ಗುರುತುಗಳ ನಡುವೆ ಜೇನಿನ ಬಣ್ಣದ ಆಯಿಲ್ ಎಲ್ಲಿಯವರೆಗೆ ನಿಂತಿದೆ ಎಂದು ನೋಡುವುದು ನನಗೆ ವಾರದ ಅತ್ಯಂತ ನೆಮ್ಮದಿಯ ಕೆಲಸಗಳಲ್ಲೊಂದು. ಸ್ಟಾರ್ಟ್ ಮಾಡಿದ ಮೇಲೆ ಏರಿರುವ ಐಡ್ಲಿಂಗ್ ತಾನೇ ಇಳಿದು ದನಿ ತಗ್ಗುವುದನ್ನು ಕೇಳಿಸಿಕೊಂಡು, ಆಮೇಲೆ ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸುತ್ತೇನೆ.

ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆಯೂ ಕೇಳುವವರಿದ್ದಾರೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದರ ಮೂರನೇ ಎರಡು ಭಾಗದಷ್ಟು ಮಾತ್ರ, ಆದ್ದರಿಂದ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಈ ಮಿಶ್ರಣದ ಲೀಟರಿನಲ್ಲಿ ಶಕ್ತಿ ಶೇ. 6ರಿಂದ 7ರಷ್ಟು ಕಡಿಮೆ. ಮೈಲೇಜಿನಲ್ಲಿ ಸ್ವಲ್ಪ ಇಳಿಕೆ ಕಂಡರೆ ಎಂಜಿನ್ನನ್ನು ದೂರಬೇಕಾಗಿಲ್ಲ. ಹಳೆಯ ಕಾರುಗಳಲ್ಲಿ ಇಂಧನದ ರಬ್ಬರ್ ಹೋಸುಗಳನ್ನು ಪ್ರತಿ ಸರ್ವಿಸಿನಲ್ಲೂ ನೋಡಿಸುವುದು ಕ್ಷೇಮ. ನಾನು ಹಾಗೆಯೇ ಮಾಡುತ್ತಿದ್ದೇನೆ.

ನಾಲ್ಕು ಸಿಲಿಂಡರಿನ ಶಾಂತತೆಗಾಗಿಯೇ ಸ್ವಿಫ್ಟನ್ನು ಮೆಚ್ಚಿದ್ದವರಿಗೂ ಈಗ ಈ ಚರ್ಚೆ ತಪ್ಪಿದ್ದಲ್ಲ, ಏಕೆಂದರೆ 2024ರ ಸ್ವಿಫ್ಟಿನಲ್ಲಿ, ಕೆ12ಎಂ ನಂತರ ಬಂದಿದ್ದ ನಾಲ್ಕು ಸಿಲಿಂಡರಿನ ಕೆ12ಎನ್ ಜಾಗಕ್ಕೆ ಮೂರು ಸಿಲಿಂಡರಿನ ಝಡ್12ಇ ಬಂದಿದೆ. ಅದನ್ನಾಗಲಿ, 2021ರ ಸೆಲೆರಿಯೊ ಜೊತೆ ಬಂದ ಕೆ10ಸಿಯನ್ನಾಗಲಿ ನೋಡಲು ಹೋದಾಗ ಖಾಲಿ ರಸ್ತೆಯಲ್ಲಿ ಓಡಿಸಿ ಬಂದರೆ ಸಾಲದು, ಎ.ಸಿ. ಹಾಕಿ, ಕಿಟಕಿ ಮುಚ್ಚಿ, ಎರಡು ನಿಮಿಷ ನಿಂತಲ್ಲೇ ಕೂತು, ಗೇರಿನ ಹಿಡಿಯ ಮೇಲೂ ಸೀಟಿನ ಮೇಲೂ ಕೈಯಿಟ್ಟು ನೋಡಬೇಕು. ಕೆ10ಬಿ ಇರುವ ಹಳೆಯ ಕಾರನ್ನು ಕೊಳ್ಳುವವರು ಮಾರುವವರಿಗೆ ಮೊದಲೇ ಹೇಳಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ, ತಾವೇ ಕೀಲಿ ತಿರುಗಿಸಿ ಚೈನಿನ ಕಡೆಯಿಂದ ಗಲಗಲ ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳಬೇಕು. ಆಮೇಲೆ ಬಾನೆಟ್ ತೆರೆದಿಟ್ಟು, ಜೊತೆಗೆ ಬಂದವರನ್ನು ಪಕ್ಕದಲ್ಲಿ ನಿಲ್ಲಿಸಿ, ರಿವರ್ಸಿನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಟ್ಟು ನೋಡಬೇಕು. ಮೌಂಟ್ ಹೋಗಿದ್ದರೆ ಅಷ್ಟು ದುಡ್ಡನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡು ಧಾರಾಳವಾಗಿ ಕೊಳ್ಳಬಹುದು. ಚೈನ್ ಸದ್ದು ಮಾಡುತ್ತಿದ್ದರೆ ಬಿಟ್ಟು ಬರುವುದು ಒಳ್ಳೆಯದು.